ಲೊರೆಟ್ ಡೇಗಲ್ ಹಿಡಿದ ಅಭ್ಯರ್ಥಿ

ಸೇಂಟ್ ಒನೊರಿನ್‌ನಲ್ಲಿ ಯಾರ ತಲೆಯೊಳಗೆ ಏನು ಓಡುತ್ತಿದೆ ಎಂದು ತಿಳಿಯಬೇಕಾದರೆ ಎರಡೇ ಜಾಗ. ಒಂದು ಇಗರ್ಜಿಯಲ್ಲಿ ಪಾದ್ರಿಗಳು ಪಾಪನಿವೇದನೆ ಕೇಳುವ ಗೂಡು, ಇನ್ನೊಂದು ಲೊರೆಟ್ ಡೇಗಲ್‌ಳ ಪಾರ್ಲರು. ಪಾದ್ರಿಗಳು ಕೇಳಿದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಲೊರೆಟ್‌ಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ, ಆದರೂ ಅವಳೂ ಹೇಳುತ್ತಿರಲಿಲ್ಲ. ಪೋರ್ಟ್‌ಲ್ಯಾಂಡಿನ ಒಬ್ಬ ಹೆಂಗಸಿಗೆ ಮಾತ್ರ, ಭಾನುವಾರ ಮಧ್ಯಾಹ್ನ ಫೋನಿನಲ್ಲಿ, ಅದೂ ಚುನಾವಣೆಗೆ ನಿಂತವರ ವಿಷಯವನ್ನಷ್ಟೇ ಹೇಳುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಪಾರ್ಲರು. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಕಿಟಕಿಯಾಚೆ ಹೊಳೆ, ಹೊಳೆಯಾಚೆ ಕೆನಡಾ. ಲೊರೆಟ್‌ಗೆ ಆಗ ಐವತ್ತೊಂಬತ್ತು. ಗಿಡ್ಡ ದೇಹ, ಅಗಲ ಹೆಗಲು, ಕೂದಲಿಗೆ ತಾನೇ ಹಚ್ಚಿಕೊಂಡ ಗಾಢ ಕೆಂಪು ಬಣ್ಣ. ಗಿರಾಕಿಗಳಿಗೆ ಆ ಬಣ್ಣ ಬೇಡವೆಂದು ತಾನೇ ಬುದ್ಧಿ ಹೇಳುತ್ತಿದ್ದಳು. ಊರಿನ ಚಿಕ್ಕವರೆಲ್ಲ ಅವಳನ್ನು ಕರೆಯುತ್ತಿದ್ದುದು ‘ಮತಾಂತ್’ ಎಂದು. ನಮ್ಮ ಕಡೆಯ ಫ್ರೆಂಚಿನಲ್ಲಿ ಅತ್ತೆಗೂ ಚಿಕ್ಕಮ್ಮನಿಗೂ ಅದೊಂದೇ ಮಾತು.

ಅದೇ ಮನೆಯಲ್ಲಿ ಫರ್ನಾಂದ್ ಇದ್ದಳು, ಇಪ್ಪತ್ತೇಳು ವರ್ಷದಿಂದ. ಊರಿನ ಲೆಕ್ಕಕ್ಕೆ ಅವಳು ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು. ಮೊದಲು ಹಾಗೆಂದದ್ದು ಲೊರೆಟ್‌ಳ ತಾಯಿ. ತಾಯಿ ತೀರಿಹೋದ ಮೇಲೂ ಯಾರೂ ಆ ಮಾತನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಆದರೆ ಕ್ರಿಸ್ಮಸ್ಸಿನ ಕಾರ್ಡುಗಳು ಬರುತ್ತಿದ್ದುದು ಇಬ್ಬರ ಹೆಸರಿಗೂ ಸೇರಿ. ನಮ್ಮ ಊರು ಅಂಥದ್ದು. ಬಾಯಲ್ಲಿ ಹೇಳದ್ದನ್ನು ಲಕೋಟೆಯ ಮೇಲೆ ಬರೆದುಬಿಡುತ್ತದೆ.

ಪೋರ್ಟ್‌ಲ್ಯಾಂಡಿನ ಹೆಂಗಸಿನ ಹೆಸರು ಪ್ರಿಸಿಲ್ಲಾ ಲೋರಿಂಗ್. ವಿಮೆಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತಳಾದವಳು. ತನ್ನ ಊಟದ ಮೇಜಿನಿಂದಲೇ ದೇಣಿಗೆದಾರರ ಬಳಗವೊಂದನ್ನು ನಡೆಸುತ್ತಿದ್ದಳು. ಹೆಣ್ಣನ್ನು ಪ್ರೀತಿಸುವ ಹೆಣ್ಣೆಂದೋ ಗಂಡನ್ನು ಪ್ರೀತಿಸುವ ಗಂಡೆಂದೋ ಒಬ್ಬರನ್ನು ಮನೆಯಿಂದ, ಕೆಲಸದಿಂದ ಹೊರಹಾಕಬಾರದು ಎನ್ನುವ ಕಾನೂನು ನಮ್ಮ ಮೇಯ್ನ್ ರಾಜ್ಯದಲ್ಲಿ ಇನ್ನೂ ಜಾರಿಗೆ ಬಂದಿರಲಿಲ್ಲ. ಬರಬೇಕಾದರೆ ರಾಜಧಾನಿ ಆಗಸ್ಟಾದ ಶಾಸನಸಭೆಯಲ್ಲಿ ಅದರ ಪರ ಮತ ಹಾಕುವವರು ಕೂರಬೇಕು. ದೇಶದ ಚುನಾವಣೆಗೆ ದುಡ್ಡು ಸುರಿಯುವ ಶ್ರೀಮಂತರು ರಾಜ್ಯದ ಚುನಾವಣೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ‘ಅದಕ್ಕೇ ಇಲ್ಲಿ ಐವತ್ತು ಡಾಲರಿಗೂ ಮರ್ಯಾದೆ ಇದೆ’ ಎನ್ನುವುದು ಪ್ರಿಸಿಲ್ಲಾಳ ನಂಬಿಕೆ. ನರ್ಸುಗಳು, ಮೇಷ್ಟರುಗಳು, ಹಡಗುಕಟ್ಟೆಯ ಕೆಲಸಗಾರರು, ಮಗನೋ ಮಗಳೋ ಹಾಗಿದ್ದಾರೆಂದು ತಡವಾಗಿ ತಿಳಿದ ತಂದೆತಾಯಿಗಳು, ಹೀಗೆ ಮುನ್ನೂರು ಮಂದಿ ಅವಳ ಬಳಗದಲ್ಲಿದ್ದರು. ಯಾರಿಗೆ ಕೊಡಬೇಕೆಂದು ಅವಳು ಕಾಗದ ಬರೆದರೆ ಅವರು ಚೆಕ್ಕು ಕಳಿಸುತ್ತಿದ್ದರು.

ಲೊರೆಟ್ ಬಳಗಕ್ಕೆ ಸೇರಿದ್ದು ಏಳು ವರ್ಷದ ಹಿಂದೆ. ಪತ್ರಿಕೆಯಲ್ಲಿ ವಿಳಾಸ ನೋಡಿ ಹತ್ತು ಡಾಲರಿನ ನೋಟೊಂದನ್ನು ಲಕೋಟೆಗೆ ಹಾಕಿ, ಜೊತೆಗೊಂದು ಚೀಟಿ ಇಟ್ಟಿದ್ದಳು: ‘ಇದನ್ನು ನಮ್ಮ ಕ್ಷೇತ್ರದವನಿಗೆ ಕೊಡಬೇಡಿ. ಅವನು ಎದುರಿಗೆ ಸಿಕ್ಕವರಿಗೆಲ್ಲ ಹೌದು ಅನ್ನುತ್ತಾನೆ.’ ಚೀಟಿ ತಲುಪಿದ ದಿನವೇ ಪ್ರಿಸಿಲ್ಲಾ ಫೋನು ಮಾಡಿದಳು. ಅಂದಿನಿಂದ ಉತ್ತರದ ಕಡೆ ಯಾರೇ ನಿಂತರೂ ಅವರ ಬಗ್ಗೆ ಲೊರೆಟ್‌ಳನ್ನು ಕೇಳದೆ ಬಳಗ ಮುಂದುವರಿಯುತ್ತಿರಲಿಲ್ಲ.

“ನಮ್ಮ ಪ್ರಶ್ನಾವಳಿಗೆ ಚೆನ್ನಾಗಿಯೇ ಉತ್ತರ ಬರೆದಿದ್ದಾರಲ್ಲ, ಮಿಸ್ ಡೇಗಲ್?” ಎಂದು ಪ್ರಿಸಿಲ್ಲಾ ಕೇಳುವಳು.

“ಕಾಗದದ ಮೇಲೆ ಯಾರ್ ಬೇಕಾದ್ರೂ ಬರೀತಾರೆ ಬಿಡಿ. ತಲೆ ಹಿಂದಕ್ಕೆ ಹಾಕಿ, ಕಣ್ಮುಚ್ಚಿ, ಬಿಸಿನೀರು ಬೀಳ್ತಿರೋವಾಗ ಏನಂತಾರೆ ಅನ್ನೋದು ಮುಖ್ಯ.”

ಎರಡು ಸಾವಿರದ ಎರಡನೇ ಇಸವಿಯ ವಸಂತದಲ್ಲಿ ನಮ್ಮ ಕ್ಷೇತ್ರದಿಂದ ಇಬ್ಬರು ನಿಂತರು. ಒಬ್ಬ ವಕೀಲ ಸ್ಟ್ರಾಟನ್, ದಕ್ಷಿಣದಿಂದ ಬಂದು ನೆಲೆಸಿ ಆರು ವರ್ಷವಾಗಿತ್ತು. ಒಳ್ಳೆಯ ಮಾತುಗಾರ. ಇನ್ನೊಬ್ಬ ಲಿಯೊನೆಲ್ ಕೊರ್ಬೆನ್, ಆಲೂಗಡ್ಡೆ ಬೆಳೆಯುವವನು. ನಾಲ್ಕು ಜನರೆದುರು ನಿಂತರೆ ಟೋಪಿ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವ ಮನುಷ್ಯ. ಶಾಲೆಯ ಕಟ್ಟಡ ದುರಸ್ತಿಗೆ ಆಗಸ್ಟಾದವರು ದುಡ್ಡು ಕೊಡುತ್ತಿಲ್ಲವೆಂಬ ಸಿಟ್ಟಿಗೆ ನಿಂತಿದ್ದ.

ಆ ಭಾನುವಾರ ಪ್ರಿಸಿಲ್ಲಾ ಇಬ್ಬರ ಉತ್ತರಗಳನ್ನೂ ಫೋನಿನಲ್ಲಿ ಓದಿದಳು. ಸ್ಟ್ರಾಟನ್ ಇಪ್ಪತ್ತಕ್ಕೆ ಇಪ್ಪತ್ತೂ ‘ಹೌದು’ ಎಂದಿದ್ದ. ಲಿಯೊನೆಲ್ ಅರ್ಧ ಜಾಗಗಳನ್ನು ಖಾಲಿ ಬಿಟ್ಟಿದ್ದ. ಕೊನೆಯಲ್ಲಿ ಪೆನ್ಸಿಲಿನಲ್ಲಿ ‘ಕೆಲವು ಪದ ಅರ್ಥವಾಗಲಿಲ್ಲ. ಕ್ಷಮಿಸಿ. ಆ ಕಾನೂನು ಬಂದರೆ ಪರವಾಗಿ ಮತ ಹಾಕುತ್ತೇನೆ’ ಎಂದು ಬರೆದಿದ್ದ.

“ಇಂಥ ವಿಷಯದಲ್ಲಿ ಇದುವರೆಗೆ ಬಹಿರಂಗವಾಗಿ ಯಾರ ಪರವಾದರೂ ನಿಂತಿದ್ದೀರಾ ಅನ್ನುವ ಪ್ರಶ್ನೆಗೆ ಕೊರ್ಬೆನ್ ‘ಇಲ್ಲ’ ಎಂದಿದ್ದಾರೆ” ಎಂದಳು ಪ್ರಿಸಿಲ್ಲಾ.

“ಇಲ್ಲ ಅಂತ ಬರ್ದಿದಾನಾ?” ಲೊರೆಟ್‌ಳ ಧ್ವನಿ ಏರಿತು. “ಕತ್ತೆ! ಶುದ್ಧ ಕತ್ತೆ!”

“ಹಾಗಾದರೆ ಸ್ಟ್ರಾಟನ್ ಅವರಿಗೇ—”

“ಬೇಡ. ಆ ಸ್ಟ್ರಾಟನ್ ನಿಮಗೆ ಹೌದು ಅಂದಿದಾನೆ, ಮರದ ಮಿಲ್ಲಿನವರ ಊಟದಲ್ಲಿ ಇನ್ನೊಂದು ಅಂದಿದಾನೆ. ಆ ಮಿಲ್ಲಿನವರ ಹೆಂಡ್ತೀರೆಲ್ಲ ನನ್ನ ಕುರ್ಚೀಲೇ ಕೂರೋದು.”

ಮುಂದಿನ ಶನಿವಾರವಲ್ಲ, ಅದರಾಚೆಯ ಶನಿವಾರ ಸಮಿತಿ ಸೇರುತ್ತದೆ, ನೀವೇ ಬಂದು ಹೇಳಿ ಎಂದಳು ಪ್ರಿಸಿಲ್ಲಾ. ಏಳು ವರ್ಷದಲ್ಲಿ ಇಬ್ಬರೂ ಮುಖ ನೋಡಿದವರಲ್ಲ.

ಫೋನಿಟ್ಟವಳೇ ಲೊರೆಟ್ ಲಿಯೊನೆಲ್‌ನ ಆಲೂಗಡ್ಡೆ ಉಗ್ರಾಣಕ್ಕೆ ನಡೆದಳು. ಅವನು ಬಿತ್ತನೆಯ ಗಡ್ಡೆ ಆರಿಸುತ್ತಿದ್ದ.

“ಏನಯ್ಯಾ, ನಿನಗೆ ಮರೆವಿನ ರೋಗ ಬಂತಾ? ಯಾರ ಪರಾನೂ ನಿಂತಿಲ್ಲ ಅಂತ ಬರ್ದಿದೀಯಂತೆ?”

ಲಿಯೊನೆಲ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. “ಬರೀಬೇಕು ಅಂದ್ರೆ ಫರ್ನಾಂದ್ ಹೆಸರು ಬರೀಬೇಕು. ಅದು ನನ್ನ ಕಥೆ ಅಲ್ಲ ಲೊರೆಟ್, ಅವಳದು. ಅವಳು ಕೆಲಸ ಬಿಟ್ಟಿದ್ದು ಬೆನ್ನುನೋವಿಗೆ ಅಂತ ಹೇಳ್ಕೊಂಡಿದಾಳೆ, ಗೊತ್ತಿದ್ದೂ ಊರು ಹಾಗೇ ಅನ್ನತ್ತೆ. ನಾನ್ಯಾಕೆ ಬೇರೆ ಹೇಳ್ಲಿ?”

ಬೈಯಲು ಬಂದವಳು ಅರ್ಧ ಗಂಟೆ ಅವನ ಜೊತೆ ಕೂತು ಗಡ್ಡೆ ಆರಿಸಿಕೊಟ್ಟು ಬಂದಳು.

ಆ ಸಂಜೆ ಊಟಕ್ಕೆ ಬಟಾಣಿ ಸೂಪು, ಜೊತೆಗೆ ಪ್ಲಾಯ್. ನಮ್ಮ ಪ್ಲಾಯನ್ನು ದೋಸೆಯ ಹಾಗೆ ಹುಯ್ದು ಒಂದೇ ಮಗ್ಗುಲು ಬೇಯಿಸಬೇಕು, ಮಗುಚಬಾರದು. ಫರ್ನಾಂದ್‌ಳದು ಆ ಕೆಲಸದಲ್ಲಿ ಎತ್ತಿದ ಕೈ. ಎತ್ತರದ, ಒಣಕಲು ಹೆಂಗಸು. ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಲೊರೆಟ್ ನಡೆದದ್ದನ್ನೆಲ್ಲ ಹೇಳಿ, “ಅವರಿಗೆ ಬಸ್ಸಿನ ವಿಷಯ ಹೇಳ್ಲಾ?” ಎಂದು ಕೇಳಿದಳು.

ಫರ್ನಾಂದ್ ಕಾವಲಿಯಿಂದ ಕಣ್ಣೆತ್ತಲಿಲ್ಲ. “ಬೇಡ.”

“ಬೇರೆ ಯಾವ ಸಾಕ್ಷೀನೂ ಇಲ್ಲ ಕಣೇ.”

“ಬೇಡ ಅಂದೆ. ಗುರುತು ಪರಿಚಯ ಇಲ್ಲದ ಜನದ ಮುಂದೆ ನನ್ನ ಕಥೆ ಹರವಿ ಕೂರ್ಬೇಡ. ಹದಿನಾರು ವರ್ಷ ಆಯ್ತು. ಮುಗೀತು.”

“ನಿಂಗೆ ಮುಗೀತು. ನಾಳೆ ಇನ್ನೊಬ್ಬಳಿಗೆ?”

“ಇನ್ನೊಬ್ಬಳಿಗೆ ಇನ್ನೊಬ್ಬಳ ಬಾಯಿದೆ.” ಫರ್ನಾಂದ್ ಕಾವಲಿಯನ್ನು ಒಲೆಯಿಂದ ಇಳಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಎಷ್ಟೋ ವರ್ಷದ ನಂತರ ಆ ಕೋಣೆಯಲ್ಲಿ ಯಾರಾದರೂ ಮಲಗಿದ್ದು ಅಂದು.

ಎರಡು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಆದರೂ ಆ ಶನಿವಾರ ನಸುಕಿನಲ್ಲಿ ಲೊರೆಟ್ ತನ್ನ ನೀಲಿ ಕೋಟು ತೊಟ್ಟು ಬಸ್ಸಿಗೆಂದು ಹೊರಬಂದರೆ, ಫರ್ನಾಂದ್ ಪಿಕಪ್ ಗಾಡಿಯ ಇಂಜಿನ್ನು ಚಾಲೂ ಮಾಡಿ ಕೂತಿದ್ದಳು. “ಬಸ್ಸಲ್ಲಿ ನಿಂಗೆ ವಾಂತಿ ಬರತ್ತೆ” ಎಂದಳು. ಆರು ಗಂಟೆಯ ದಾರಿಯಲ್ಲಿ ಅವಳಾಡಿದ್ದು ಅಷ್ಟೇ.

ಪ್ರಿಸಿಲ್ಲಾಳ ಮನೆಯಲ್ಲಿ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ. ಪ್ರಿಸಿಲ್ಲಾ ಫೋನಿನಲ್ಲಿ ಎಷ್ಟು ಎತ್ತರವೆನಿಸಿದ್ದಳೋ ಅದರರ್ಧವೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಕೈಕುಲುಕುವುದೋ ತಬ್ಬಿಕೊಳ್ಳುವುದೋ ತೋಚದೆ ಎರಡನ್ನೂ ಅರ್ಧರ್ಧ ಮಾಡಿದರು. ಫರ್ನಾಂದ್ ಒಳಗೆ ಬರಲಿಲ್ಲ. ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಒಳಗೇ ಕೂತಳು.

ಪಾರ್ಲರಿನಲ್ಲಿ ಎಂಥವರ ಬಾಯನ್ನಾದರೂ ಮುಚ್ಚಿಸಬಲ್ಲ ಲೊರೆಟ್ ಆ ಮೇಜಿನೆದುರು ಹೇಳಿದ್ದನ್ನೇ ಹೇಳತೊಡಗಿದಳು. ಲಿಯೊನೆಲ್ ಒಳ್ಳೆಯವನು ಎಂದಳು. ನಲವತ್ತು ವರ್ಷದಿಂದ ಬಲ್ಲೆ ಎಂದಳು. ಮತ್ತೆ ಒಳ್ಳೆಯವನು ಎಂದಳು. ಸ್ಟ್ರಾಟನ್ ಮಿಲ್ಲಿನವರ ಮುಂದೆ ಆಡಿದ ಮಾತನ್ನೂ ಹೇಳಿದಳು. ಬೋ ಟೈ ಕಟ್ಟಿದ್ದ ಮುದುಕರೊಬ್ಬರು, ನಿವೃತ್ತ ಪ್ರಾಧ್ಯಾಪಕರು, ಕನ್ನಡಕ ತೆಗೆದು ಮೃದುವಾಗಿ ಕೇಳಿದರು.

“ನಿಮ್ಮ ಮಾತು ನಾನು ನಂಬ್ತೀನಮ್ಮ. ಆದರೆ ಮುನ್ನೂರು ಜನಕ್ಕೆ ಕಾಗದ ಬರೀಬೇಕಲ್ಲ. ಒಬ್ಬರು ಎಲ್ಲಕ್ಕೂ ಹೌದು ಅಂದಿದ್ದಾರೆ, ಇನ್ನೊಬ್ಬರು ಇಲ್ಲ ಅಂತ ಅವರ ಕೈಯಾರೆ ಬರೆದಿದ್ದಾರೆ. ಏನಾದರೂ ನಡೆದದ್ದು ಇದೆಯಾ, ಹೇಳೋಕೆ?”

ಲೊರೆಟ್ ಬಾಯಿ ತೆರೆದಳು. ಕಿಟಕಿಯ ಹೊರಗೆ ಪಿಕಪ್ ಕಾಣುತ್ತಿತ್ತು. ಬಾಯಿ ಮುಚ್ಚಿದಳು. “ಇದೆ. ಆದ್ರೆ ಹೇಳೋ ಹಕ್ಕು ನಂಗಿಲ್ಲ” ಎಂದಳು. ಕಣ್ಣು ತುಂಬಿ ಬಂತು. ತನ್ನ ಮೇಲೇ ಸಿಟ್ಟು ಬಂತು.

ಸೂಪಿನ ಹೊತ್ತಾಯಿತು. ಪ್ರಿಸಿಲ್ಲಾ ಕಿಟಕಿಯತ್ತ ನೋಡಿ, “ನಿಮ್ಮ ಜೊತೆ ಬಂದವರು ಹಸಿದುಕೊಂಡು ಕೂತಿದ್ದಾರಲ್ಲ!” ಎಂದವಳೇ ಮಳೆಯಲ್ಲೇ ಕೊಡೆ ಹಿಡಿದು ಹೋಗಿ ಫರ್ನಾಂದ್‌ಳನ್ನು ಕರೆತಂದಳು. ಫರ್ನಾಂದ್ ಬೂಟು ಬಾಗಿಲಲ್ಲಿ ಬಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದು, ಕೊನೆಯ ಕುರ್ಚಿಯಲ್ಲಿ ಕೂತು ಮೀನಿನ ಸೂಪು ಕುಡಿಯತೊಡಗಿದಳು. ಯಾರ ಮುಖವನ್ನೂ ನೋಡಲಿಲ್ಲ. ಮೇಜಿನ ಆ ತುದಿಯಲ್ಲಿ ಯಾರೋ ಹೇಳುತ್ತಿದ್ದರು, “ಪಾಪ, ಆ ರೈತ ಒಳ್ಳೆಯವನೇ ಇರಬಹುದು. ಆದರೆ ಧೈರ್ಯ ಇದೆಯೋ ಇಲ್ಲವೋ ಯಾರಿಗೆ ಗೊತ್ತು.”

ಫರ್ನಾಂದ್ ಚಮಚ ಕೆಳಗಿಟ್ಟಳು.

“ನಾನು ಶಾಲೆ ಬಸ್ಸು ಓಡಿಸ್ತಿದ್ದೆ. ಎಂಟು ವರ್ಷ” ಎಂದಳು. ಎಲ್ಲರೂ ತಿರುಗಿದರು. “ಯಾರೋ ಕಾಗದ ಬರೆದ್ರು, ಇವಳ ಜೊತೆ ಇದ್ದೀನಿ ಅಂತ. ಮಕ್ಕಳನ್ನ ನನ್ನ ಕೈಗೆ ಕೊಡಬಾರದು ಅಂತ. ಶಾಲಾ ಸಮಿತೀಲಿ ಐದು ಜನ. ನಾಲ್ಕು ಜನ ತೆಗೀರಿ ಅಂತ ಕೈ ಎತ್ತಿದ್ರು. ಲಿಯೊನೆಲ್‌ಗೆ ಆಗ ಇಪ್ಪತ್ತೊಂಬತ್ತು, ಅವನೊಬ್ಬ ಎತ್ತಲಿಲ್ಲ. ಸುಮ್ನೆ ಕೂರಲೂ ಇಲ್ಲ. ಇಡೀ ಊರು ಸೇರಿದ ಸಭೇಲಿ ಎದ್ದು, ಕಾರಣ ಏನು, ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ ಅಂದ. ಮೂರು ಸಲ ಕೇಳಿದ. ಯಾರೂ ಹೇಳಲಿಲ್ಲ. ನನ್ನ ಎರಡು ಮಕ್ಕಳು ಆ ಬಸ್ಸಲ್ಲೇ ಹೋಗೋದು, ಒಂದು ದಿನ ತಡ ಆಗಿಲ್ಲ, ನಂಗೆ ಅಷ್ಟು ಸಾಕು ಅಂದ.”

ಅವಳು ನೀರು ಕುಡಿದಳು.

“ಮಾರನೇ ದಿನ ಮನೆಗೆ ಬಂದು, ನಂಗೆ ಲಾರಿ ಓಡಿಸೋರು ಬೇಕು ಅಂದ. ಇವತ್ತಿಗೂ ಅವನ ಲಾರೀನೇ ಓಡಿಸೋದು. ಮುಂದಿನ ವರ್ಷ ಅವನನ್ನ ಸಮಿತಿ ಚುನಾವಣೇಲಿ ಸೋಲಿಸಿದ್ರು. ಅದ್ಯಾವುದನ್ನೂ ಅವನು ಒಂದ್ಸಲ ನನ್ನ ಮುಂದೆ ಎತ್ತಿ ಆಡಿಲ್ಲ.” ಸ್ವಲ್ಪ ತಡೆದು ಹೇಳಿದಳು: “ಆ ಮಕ್ಕಳ ಹೆಸರು ಈಗಲೂ ಸ್ಟಾಪಿನ ಪ್ರಕಾರ ಹೇಳ್ತೀನಿ. ಮೂವತ್ನಾಲ್ಕು ಹೆಸರು.”

ಮತ್ತೆ ಚಮಚ ಎತ್ತಿಕೊಂಡು ಸೂಪು ಮುಗಿಸಿದಳು. ಬೋ ಟೈನ ಪ್ರಾಧ್ಯಾಪಕರು ಕರವಸ್ತ್ರ ಹುಡುಕುತ್ತಿದ್ದರು. ಲೊರೆಟ್ ಅಳುತ್ತಿರಲಿಲ್ಲ, ಬೆಪ್ಪಾಗಿ ಕೂತಿದ್ದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮೂವತ್ನಾಲ್ಕು ಹೆಸರಿನ ವಿಷಯ ಅವಳಿಗೇ ಗೊತ್ತಿರಲಿಲ್ಲ.

ವಾಪಸು ಬರುವಾಗ ನಡುದಾರಿಯ ಬ್ಯಾಂಗರ್ ಊರು ದಾಟಿದರು. ಆಮೇಲೆ ಫರ್ನಾಂದ್ ಅಂದಳು: “ಸೂಪಿಗೆ ಉಪ್ಪು ಕಮ್ಮಿ ಆಗಿತ್ತು.”

“ಏನೂ ಇರ್ಲಿಲ್ಲ ಅಂತ ಹೇಳು.”

“ಮೂರು ಬಟ್ಟಲು ಹಾಕಿಸ್ಕೊಂಡೆ ನೀನು.”

“ಭಯಕ್ಕೆ ಕಣೇ!” ಇಬ್ಬರೂ ನಗತೊಡಗಿದರು. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಬೇಕಾಗುವಷ್ಟು ನಕ್ಕರು.

ಬಳಗದ ಕಾಗದ ಲಿಯೊನೆಲ್‌ನ ಪರವಾಗಿಯೇ ಹೋಯಿತು. ಬೇಸಿಗೆಯಲ್ಲಿ ಅವನ ಮನೆಗೆ ಚೆಕ್ಕುಗಳು ಬರತೊಡಗಿದವು. ಹೆಚ್ಚಿನವು ಇಪ್ಪತ್ತು, ಮೂವತ್ತು ಡಾಲರಿನವು. ಜೊತೆಗೆ ಚೀಟಿಗಳು. ಕರಾವಳಿಯ ನರ್ಸೊಬ್ಬಳು ‘ನನ್ನನ್ನೂ ಒಮ್ಮೆ ಕೆಲಸದಿಂದ ತೆಗೆದಿದ್ದರು’ ಎಂದು ಬರೆದಿದ್ದಳು. ಎಲ್ಲಿಯ ಕೊಲೊರಾಡೊ, ಅಲ್ಲಿಯ ಮುದುಕನೊಬ್ಬ ‘ನಿಮ್ಮ ಊರು ಎಲ್ಲಿದೆಯೋ ಗೊತ್ತಿಲ್ಲ, ಗೆಲ್ಲಿ’ ಎಂದಿದ್ದ. ಲಿಯೊನೆಲ್ ಗಾಬರಿಯಾಗಿ ಪಾರ್ಲರಿಗೆ ಓಡಿಬಂದ.

“ಯಾರೇ ಇವರೆಲ್ಲ? ನಾನು ಇವರಿಗೇನು ಮಾಡ್ಬೇಕು? ಒಂದೊಂದು ಚೀಲ ಆಲೂಗಡ್ಡೆ ಕಳಿಸ್ಲಾ?”

“ಏನೂ ಕಳಿಸ್ಬೇಡ ಮಾರಾಯ, ಗೆದ್ದು ಆಗಸ್ಟಾಕ್ಕೆ ಹೋಗು. ಮತ್ತೆ ಒಂದು ಥ್ಯಾಂಕ್ಸ್ ಬರಿ, ಎಲ್ಲರಿಗೂ. ಪೆನ್ಸಿಲಲ್ಲಿ ಬೇಡ.”

ಅವನು ಬರೆದ. ಒಂದೊಂದು ಸಂಜೆಗೆ ಎರಡೆರಡು ಕಾಗದದಂತೆ, ಕೊಯ್ಲಿನ ಮೂರು ವಾರ ಬಿಟ್ಟು, ಇನ್ನೂರಕ್ಕೂ ಹೆಚ್ಚು ಬರೆದ. ಹಲವರಿಗೆ ಅದು ತಲುಪಿದ್ದು ಚುನಾವಣೆ ಮುಗಿದ ಮೇಲೆ.

ಸ್ಟ್ರಾಟನ್ ಸುಮ್ಮನಿರಲಿಲ್ಲ. ‘ಹೊರಗಿನವರ ದುಡ್ಡು ನಮ್ಮ ಹೊಳೆದಂಡೆಗೆ ಬೇಕೆ?’ ಎಂಬ ಕರಪತ್ರ ಮನೆಮನೆಗೆ ಬಂತು. ದುಡ್ಡು ಯಾರದು, ಯಾಕೆ ಎಂಬುದು ಅದರಲ್ಲಿ ಇರಲಿಲ್ಲ. ಆದರೆ ಎಲ್ಲರಿಗೂ ಅರ್ಥವಾಯಿತು. ಲೊರೆಟ್‌ಳ ಪಾರ್ಲರಿಗೆ ಐದಾರು ಹೆಂಗಸರು ಬರುವುದು ಬಿಟ್ಟರು. ಅವರಲ್ಲೊಬ್ಬಳು ಮುಂದಿನ ಊರಿನಲ್ಲಿ ಕೂದಲು ಕತ್ತರಿಸಿಕೊಂಡು ಬಂದಾಗ, ಇಗರ್ಜಿಯ ಮೆಟ್ಟಿಲ ಮೇಲೆ ಲೊರೆಟ್ ಅವಳನ್ನು ಸುತ್ತಿ ನೋಡಿ, “ನನ್ನ ಮೇಲಿನ ಸಿಟ್ಟನ್ನ ಕೂದಲ ಮೇಲೆ ತೀರಿಸ್ಕೋಬಾರದಿತ್ತು ಕಣಮ್ಮ” ಎಂದಳು. ಅವಳು ಮರುವಾರವೇ ಮರಳಿದಳು.

ನವೆಂಬರಿನಲ್ಲಿ ಲಿಯೊನೆಲ್ ಹತ್ತೊಂಬತ್ತು ಮತಗಳಿಂದ ಸೋತ.

ಲೊರೆಟ್ ಮೂರು ದಿನ ಪಾರ್ಲರಿನ ಬಾಗಿಲು ತೆಗೆಯಲಿಲ್ಲ. “ಹತ್ತೊಂಬತ್ತು! ಆ ಹತ್ತೊಂಬತ್ತು ತಲೇನೂ ನಾನೇ ಕತ್ತರಿಸಿರೋದು” ಎಂದು ಫೋನಿನಲ್ಲಿ ಪ್ರಿಸಿಲ್ಲಾಳ ಮುಂದೆ ಕೂಗಾಡಿದಳು. ಮುನ್ನೂರು ಜನರ ನಂಬಿಕೆ ಹಾಳುಮಾಡಿದೆ, ತನ್ನ ಮಾತು ಕೇಳಿ ಎಲ್ಲರೂ ಕೆಟ್ಟರು ಎಂದಳು.

“ಮಿಸ್ ಡೇಗಲ್, ಈ ಸಲ ನಾವು ಬೆಂಬಲಿಸಿದವರು ಹದಿನಾಲ್ಕು ಜನ. ಒಂಬತ್ತು ಜನ ಗೆದ್ದಿದ್ದಾರೆ, ಐದು ಜನ ಸೋತಿದ್ದಾರೆ” ಎಂದಳು ಪ್ರಿಸಿಲ್ಲಾ. “ಕೊರ್ಬೆನ್ ಅವರ ಥ್ಯಾಂಕ್ಸ್ ಕಾಗದ ನಿನ್ನೆ ತಲುಪಿದ ಮೂವರು ನನಗೆ ಫೋನು ಮಾಡಿದ್ದರು. ಅವರು ಮತ್ತೆ ನಿಲ್ಲೋದು ಯಾವಾಗ ಅಂತ ಕೇಳಿದರು.”

ಮತ್ತೆ ನಿಲ್ಲಲು ಲಿಯೊನೆಲ್ ಮೊದಮೊದಲು ಒಪ್ಪಲಿಲ್ಲ. ಕೊನೆಗೆ ಅವನನ್ನು ಒಪ್ಪಿಸಿದ್ದು ಲೊರೆಟ್ ಅಲ್ಲ, ಸ್ಟ್ರಾಟನ್. ಮರುವರ್ಷ ಸಮಾನತೆಯ ಸಣ್ಣದೊಂದು ಮಸೂದೆ ಸಭೆಗೆ ಬಂದ ದಿನ, ಇಪ್ಪತ್ತು ಸಲ ಹೌದು ಎಂದು ಬರೆದಿದ್ದ ವಕೀಲ ನೆಗಡಿಯೆಂದು ಮನೆಯಲ್ಲುಳಿದ. ಅದೇ ವಾರ ಶಾಲೆಯ ದುರಸ್ತಿಯ ದುಡ್ಡಿಗೆ ಮತ ಹಾಕುವ ದಿನವೂ ನೆಗಡಿ ಬಿಟ್ಟಿರಲಿಲ್ಲ. “ಏನು ಮೂಗಯ್ಯಾ ಅದು!” ಎಂದು ಲಿಯೊನೆಲ್ ಸಿಡುಕಿದ. ಫರ್ನಾಂದ್ ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ, “ಹಾಗಾದ್ರೆ ನಿಲ್ಲು” ಎಂದಳು. ಅವನು ನಿಂತ.

ಈ ಸಲ ಫರ್ನಾಂದ್ ಲಾರಿಯ ಕೆಲಸ ಮುಗಿಸಿ ಸಂಜೆ ಸಂಜೆ ಅವನನ್ನು ಕೂರಿಸಿಕೊಂಡು ಮನೆಮನೆಗೆ ಹೋದಳು. ಆ ದಾರಿಗಳೆಲ್ಲ ಅವಳಿಗೆ ಬಾಯಿಪಾಠ. ಬಾಗಿಲು ತೆರೆಯುತ್ತಿದ್ದವರು ಎಷ್ಟೋ ಕಡೆ ಅವಳ ಬಸ್ಸಿನಲ್ಲಿ ಕೂತಿದ್ದ ಹುಡುಗ ಹುಡುಗಿಯರು, ಈಗ ಕಂಕುಳಲ್ಲಿ ಮಗು ಹೊತ್ತವರು. ಒಬ್ಬ ಕೇಳಿಯೇಬಿಟ್ಟ: “ಫರ್ನಾಂದ್, ನೀವು ಬಸ್ಸು ಬಿಟ್ಟಿದ್ದು ಬೆನ್ನುನೋವಿಗಾ?”

“ಅಲ್ಲ” ಎಂದಳು ಫರ್ನಾಂದ್. ಬಾಗಿಲಲ್ಲೇ ನಿಂತು, ನಾಲ್ಕು ವಾಕ್ಯದಲ್ಲಿ, ಯಾಕೆಂದು ಹೇಳಿದಳು. ಅವನ ಮುಖ ಕೆಂಪಾಯಿತು. ಚಳಿಯಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಎಂದ. ಆ ಸಂಜೆ ಅವರಿಗೆ ಬೇರೆ ಮನೆಗೆ ಹೋಗಲಾಗಲಿಲ್ಲ.

ಚೆಕ್ಕುಗಳು ಹಿಂದಿನವರಿಂದಲೇ ಮತ್ತೆ ಬಂದವು. ಕೊಲೊರಾಡೊದ ಮುದುಕ ‘ಈಗ ನಕ್ಷೆಯಲ್ಲಿ ನಿಮ್ಮ ಊರು ನೋಡಿಕೊಂಡಿದ್ದೇನೆ’ ಎಂದು ಬರೆದಿದ್ದ. ಲಿಯೊನೆಲ್ ಇನ್ನೂರ ಆರು ಮತಗಳಿಂದ ಗೆದ್ದ.

ಮುಂದಿನ ವಸಂತದಲ್ಲಿ ಆ ಕಾನೂನು ಆಗಸ್ಟಾದ ಸಭೆಗೆ ಬಂತು. ಲೊರೆಟ್ ಮತ್ತು ಫರ್ನಾಂದ್ ಮೇಲಿನ ಗ್ಯಾಲರಿಯಲ್ಲಿ ಪ್ರಿಸಿಲ್ಲಾಳ ಎರಡೂ ಪಕ್ಕದಲ್ಲಿ ಕೂತಿದ್ದರು. ಲಿಯೊನೆಲ್ ಮಾತಾಡಲಿಲ್ಲ. ಬೇರೆಯವರು ಬೇಕಾದಷ್ಟು ಮಾತಾಡಿದರು. ಮತದ ಹೊತ್ತಿಗೆ ಗೋಡೆಯ ಹಲಗೆಯಲ್ಲಿ ಹೆಸರುಗಳೆದುರು ದೀಪ ಹತ್ತುತ್ತಿದ್ದಾಗ ‘ಕೊರ್ಬೆನ್’ ಎದುರು ಹಸಿರು ಹತ್ತಿತು. ಲೊರೆಟ್ ಫರ್ನಾಂದ್‌ಳ ಕೈ ಹಿಡಿದಳು. ಎಲ್ಲರೂ ಕಾಣುವ ಜಾಗದಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು. ಫರ್ನಾಂದ್ ಎಳೆದುಕೊಳ್ಳಲಿಲ್ಲ. ಕಾನೂನು ಪಾಸಾಯಿತು.

ಅದಾದ ಎರಡೇ ವಾರಕ್ಕೆ ಅದೇ ಸಭೆಯಲ್ಲಿ ಪಾರ್ಲರು ನಡೆಸುವವರ ಲೈಸೆನ್ಸಿನ ಶುಲ್ಕ ಏರಿಸುವ ಮಸೂದೆಯೂ ಬಂತು. ಲಿಯೊನೆಲ್ ಅದನ್ನು ಸರಿಯಾಗಿ ಓದದೆ ಪರವಾಗಿ ಮತ ಹಾಕಿದ. ಮಾರನೆಯ ಬೆಳಿಗ್ಗೆ ಏಳಕ್ಕೆ ಅವನ ಫೋನು ಬಡಿದುಕೊಂಡಿತು.

“ಲಿಯೊನೆಲ್ ಕೊರ್ಬೆನ್!” ಎಂದಳು ಲೊರೆಟ್. “ಕೊಲೊರಾಡೊದಿಂದ ದುಡ್ಡು ತರಿಸಿ ನಿನ್ನ ಅಲ್ಲಿ ಕೂರಿಸಿದ್ದು ಇದಕ್ಕಾ?”

ಅರ್ಧ ಗಂಟೆ ಅವನು ಹೂಂ, ಹೂಂ ಎನ್ನುತ್ತ ನಿಂತಿದ್ದನ್ನು ಅವನ ಹೆಂಡತಿ ನೋಡಿದ್ದಾಳೆ. ಕೊನೆಗೆ ಅವನಂದನಂತೆ: “ಸರಿ ಲೊರೆಟ್, ಮುಂದಿನ ಸಲ ನಿನ್ನ ಕೇಳೇ ಹಾಕ್ತೀನಿ.”

“ಕೇಳ್ಬೇಡ. ಓದಿ ಹಾಕು” ಎಂದು ಲೊರೆಟ್ ಫೋನಿಟ್ಟಳು. ಬಾಗಿಲಲ್ಲಿ ಅವತ್ತಿನ ಮೊದಲ ಗಿರಾಕಿ ಕಾಯುತ್ತಿದ್ದಳು.